ಮೈಸೂರಿಗೆ ಓದೋಕೆ ಬಂದ ಮಕ್ಕಳು ಕೇಳಿದ್ದು

ಆಷಾಢ ಬಂತೆಂದರೆ ನನಗೆ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಕಾಲೇಜು ಶುರುವಾಗಿರುತ್ತದೆ. ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿರುತ್ತದೆ, ಇಲ್ಲವೇ ನಾಲ್ಕು ಜನ ಸೇರಿ ಒಂದು ರೂಮು ಮಾಡಿರುತ್ತಾರೆ. ಆದರೆ ಸಂಜೆ ಐದಾದ ಮೇಲೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಇದೇ ಊರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದೆ. ಅದರಲ್ಲಿ ಇಪ್ಪತ್ತು ವರ್ಷ ಕಾಲೇಜಿನ ಸಾಂಸ್ಕೃತಿಕ ಸಮಿತಿ ನನ್ನ ಕೈಯಲ್ಲಿತ್ತು. ಈ ಸಲದ ಅಂಕಣ ಪೂರ್ತಿ ನಿಮ್ಮ ಸಂಜೆಗಳಿಗೇ ಇರಲಿ.

ಪ್ರಶ್ನೆ: ಮೇಡಂ, ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನವನು. ಬಿ.ಎ. ಮೊದಲ ವರ್ಷ. ದಿನಾ ಬಸ್ಸಲ್ಲಿ ಕಲಾಮಂದಿರದ ಮುಂದೆಯೇ ಹೋಗುತ್ತೇನೆ. ಒಳಗೆ ಏನು ನಡೆಯುತ್ತದೆ ನೋಡಬೇಕು ಅಂತ ಆಸೆ. ಒಂದು ಸಂಜೆ ಗೇಟಿನವರೆಗೂ ಹೋಗಿ ವಾಪಸ್ ಬಂದುಬಿಟ್ಟೆ. ರೇಷ್ಮೆ ಸೀರೆ ಉಟ್ಟವರು, ಜುಬ್ಬಾ ಹಾಕಿದವರೇ ಕಂಡರು. ನಮ್ಮಂಥವರನ್ನು ಒಳಗೆ ಬಿಡುತ್ತಾರಾ?

ಉತ್ತರ: ಬಿಡುತ್ತಾರೆ ಕಣಪ್ಪ. ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದರೆ ಆ ಗೇಟಿನಿಂದ ನಾನೂ ವಾಪಸ್ ಬಂದಿದ್ದೇನೆ.

1977ರಲ್ಲಿ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಿಂದ ಪಿಯುಸಿಗೆ ಅಂತ ಮೈಸೂರಿಗೆ ಬಂದೆ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸ್‌ನಲ್ಲಿ ಗಣೇಶನ ಹಬ್ಬಕ್ಕೆ ಸಂಗೀತ ಕಚೇರಿ ನಡೆಯುತ್ತಿತ್ತು. 1962ರಲ್ಲಿ ಶುರುವಾದ ಆ ಕಚೇರಿಗಳು ಈಗಲೂ ನಡೆಯುತ್ತವೆ. ರಸ್ತೆಯಲ್ಲೇ ಚಪ್ಪರ. ಟಿಕೆಟ್ ಇಲ್ಲ. ನಾನೂ ನನ್ನ ಗೆಳತಿಯೂ ದೀಪದ ಕಂಬಕ್ಕೆ ಒರಗಿ ನಿಂತೆವು. ಚಪ್ಪಲಿ ಬಿಡಲಿಲ್ಲ. ಯಾರಾದರೂ ಬೈದರೆ ಓಡಬೇಕಲ್ಲ ಅಂತ. ಎರಡು ದಿನ ಹಾಗೇ ನಿಂತು ಕೇಳಿದೆವು. ಮೂರನೇ ದಿನ ಚಪ್ಪರದ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಂದರು. "ಯಾಕ್ರಮ್ಮಾ, ಕಾಲು ನೋಯೋದಿಲ್ವಾ? ಮುಂದೆ ಜಮಖಾನ ಖಾಲಿ ಇದೆ, ಬನ್ನಿ" ಅಂದರು. ಹೋಗಿ ಕೂತೆವು. ವೀಣೆ ನುಡಿಸುವವರ ಬೆರಳು ಅಷ್ಟು ಹತ್ತಿರದಿಂದ ಕಂಡಿತು. ಅವತ್ತಿನಿಂದ ನಾನು ಕಂಬಕ್ಕೆ ಒರಗಿ ನಿಂತಿಲ್ಲ.

ಕಲಾಮಂದಿರ ಸರ್ಕಾರ ಕಟ್ಟಿಸಿದ್ದು. ಅದೇ ಆವರಣದ ನಾಟಕ ಸಂಸ್ಥೆ ರಂಗಾಯಣವನ್ನು 1989ರಲ್ಲಿ ಶುರು ಮಾಡಿದ್ದೂ ಸರ್ಕಾರವೇ. ನಿಮ್ಮ ಅಪ್ಪ ಗೊಬ್ಬರದ ಚೀಲಕ್ಕೆ ಕೊಟ್ಟ ತೆರಿಗೆಯೂ ಅದರಲ್ಲಿ ಸೇರಿದೆ. ಆಹ್ವಾನ ಪತ್ರಿಕೆಯ ಕೊನೆಯ ಸಾಲು ಯಾವಾಗಲಾದರೂ ನೋಡಿದ್ದೀಯಾ? "ಸರ್ವರಿಗೂ ಆದರದ ಸ್ವಾಗತ" ಅಂತ ಇರುತ್ತದೆ. ಆ ಸರ್ವರಲ್ಲಿ ನೀನೂ ಒಬ್ಬ. ನಾಟಕಕ್ಕೆ ಟಿಕೆಟ್ ಇದ್ದರೆ ತಗೋ. ಇಲ್ಲದಿದ್ದರೆ ನೇರ ಒಳಗೆ ಹೋಗು. ಬಟ್ಟೆ ಒಗೆದದ್ದಾಗಿದ್ದರೆ ಸಾಕು.

ಇನ್ನೊಂದು ಮಾತು. ನೀನು ಏನೂ ಗೊತ್ತಿಲ್ಲದೆ ಒಳಗೆ ಹೋಗುತ್ತಿಲ್ಲ. ನಿಮ್ಮ ಕಡೆ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹಾಡುವುದನ್ನು ಕೇಳಿರುತ್ತೀಯ. ಕಂಸಾಳೆಯವರು ಮಾದಪ್ಪನ ಪದ ಹಾಡಿ ಕುಣಿಯುವುದನ್ನು ನೋಡಿರುತ್ತೀಯ. ಇಡೀ ರಾತ್ರಿ ಒಂದೇ ಕಥೆ ಕೇಳುವ ತಾಳ್ಮೆ ನಿನ್ನ ಮನೆತನದಲ್ಲೇ ಇದೆ. 2010ರಲ್ಲಿ ರಂಗಾಯಣದ ಆವರಣದಲ್ಲಿ ಕುವೆಂಪು ಅವರ "ಮಲೆಗಳಲ್ಲಿ ಮದುಮಗಳು" ರಾತ್ರಿಯಿಂದ ಬೆಳಗಿನವರೆಗೆ ನಡೆಯಿತು. ಸಿ. ಬಸವಲಿಂಗಯ್ಯ ನಿರ್ದೇಶನ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನ ಎದ್ದು ಹೋಗಬೇಕಿತ್ತು. ನಡುರಾತ್ರಿ ದಾಟಿದ ಮೇಲೆ ಸುತ್ತ ನೋಡಿದೆ. ಪಟ್ಟಣದಲ್ಲಿ ಬೆಳೆದ ಎಷ್ಟೋ ಜನ ತೂಕಡಿಸುತ್ತಿದ್ದರು. ನನ್ನ ವಿದ್ಯಾರ್ಥಿಗಳಲ್ಲಿ ಹಳ್ಳಿಯಿಂದ ಬಂದವರು ಕಂಬಳಿ ಹೊದ್ದು, ಕಣ್ಣು ಬಿಟ್ಟುಕೊಂಡು, ಕೊನೆಯವರೆಗೂ ಕೂತಿದ್ದರು. ಅವರಿಗೆ ಅದು ಹೊಸದಾಗಿರಲಿಲ್ಲ.

ಪ್ರಶ್ನೆ: ಮೇಡಂ, ಈ ವರ್ಷ ಮೈಸೂರಿನಲ್ಲಿ ನಾವು ನೋಡಲೇಬೇಕಾದ ಕಾರ್ಯಕ್ರಮಗಳು ಯಾವುವು? ತಾರೀಕಿನ ಸಮೇತ ಹೇಳಿದರೆ ಫೋನಲ್ಲಿ ಹಾಕಿಕೊಳ್ಳುತ್ತೇನೆ. (ಎಂಜಿನಿಯರಿಂಗ್, ಮೂರನೇ ಸೆಮಿಸ್ಟರ್)

ಉತ್ತರ: ತಾರೀಕು ಕೇಳುವ ಮೊದಲು ತಿಥಿ ಕೇಳಪ್ಪ. ನಮ್ಮೂರಿನ ಅರ್ಧ ಕಾರ್ಯಕ್ರಮಗಳು ಪಂಚಾಂಗ ನೋಡಿಕೊಂಡು ನಡೆಯುತ್ತವೆ. ಗೋಡೆಗೆ ಒಂದು ಕನ್ನಡ ಕ್ಯಾಲೆಂಡರ್ ನೇತು ಹಾಕಿಕೋ. ಭಾದ್ರಪದದ ಚೌತಿಗೆ ಒಂದು ಗುರುತು. ಆಶ್ವಯುಜದ ಪಾಡ್ಯದಿಂದ ವಿಜಯದಶಮಿವರೆಗೆ ಒಂದು ಗೆರೆ. ನಿನ್ನ ವರ್ಷದ ಮೊದಲರ್ಧ ಅಲ್ಲೇ ಇದೆ.

ಚೌತಿಗೆ ಎಂಟನೇ ಕ್ರಾಸ್ ಅಂತ ಮೇಲೆ ಹೇಳಿದೆನಲ್ಲ, ಅದು. ಒಂದೇ ದಿನ ಹೋಗಿ ಬಂದುಬಿಡಬೇಡ. ಒಂದು ದಿನ ಹಾಡುಗಾರಿಕೆ, ಒಂದು ದಿನ ಕೊಳಲು, ಒಂದು ದಿನ ಪಿಟೀಲು ಅಂತ ಬೇರೆ ಬೇರೆ ಕೇಳು. ಆಗ ನಿನಗೆ ಯಾವುದು ಹಿಡಿಸುತ್ತದೆ ಅಂತ ನಿನಗೇ ತಿಳಿಯುತ್ತದೆ.

ಆಮೇಲೆ ದಸರಾ. ಹೊರಗಿನವರಿಗೆ ದಸರಾ ಅಂದರೆ ಕೊನೆಯ ದಿನದ ಜಂಬೂ ಸವಾರಿ. ಈ ಊರಲ್ಲಿ ಓದುವ ನಿನಗೆ ಅದು ಹತ್ತು ದಿನದ ಹಬ್ಬ. ದಸರಾ ಹತ್ತಿರ ಬಂದಾಗ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ರಾಜ್ಯದ ಬೇರೆ ಬೇರೆ ಕಾಲೇಜುಗಳ ಮಕ್ಕಳು ಬಂದು ಕುಣಿಯುತ್ತಾರೆ. ಒಂದೊಂದು ತಂಡಕ್ಕೆ ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ನನಗೆ ಇಡೀ ದಸರಾದಲ್ಲಿ ಬಹಳ ಪ್ರೀತಿಯ ಜಾಗ ಅದು. ಸಿನಿಮಾ ತಾರೆಯರು, ದೊಡ್ಡ ಗಾಯಕರು ಬರುವ ಯುವ ದಸರಾ ಬೇರೆ. ಅದು ಮೊದಲು ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು. 2024ರಲ್ಲಿ ಊರ ಹೊರಗೆ ಉತ್ತನಹಳ್ಳಿಗೆ ಹೋಯಿತು. ಅಲ್ಲಿಗೆ ಹೋಗುವುದಾದರೆ ವಾಪಸ್ ಬರುವ ಬಸ್ಸಿನ ವಿಚಾರ ಮೊದಲೇ ಕೇಳಿಕೊಂಡು ಹೋಗು. ರಾತ್ರಿ ನಡೆದುಕೊಂಡು ಬರುವ ದೂರ ಅಲ್ಲ.

ಸಂಜೆ ಅರಮನೆ ಮುಂದಿನ ವೇದಿಕೆಯಲ್ಲಿ ಸಂಗೀತ, ನೃತ್ಯ. ಮುಂದಿನ ಕುರ್ಚಿಗಳು ಪಾಸ್ ಇದ್ದವರಿಗೆ. ಅದಕ್ಕೆ ಬೇಜಾರು ಮಾಡಿಕೊಂಡು ಮನೆಯಲ್ಲಿ ಕೂರಬೇಡ. ಹಿಂದೆ ಕೂತರೂ ಮೈಕಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಎದುರಿಗೆ ಸುಮಾರು 1 ಲಕ್ಷ ಬಲ್ಬು ಹೊತ್ತಿದ ಅರಮನೆ. ಆ ದೀಪ ಒಮ್ಮೆಗೇ ಹೊತ್ತಿಕೊಂಡಾಗ ಜನ ಎಲ್ಲ ಒಟ್ಟಿಗೆ "ಹೋ" ಅನ್ನುತ್ತಾರೆ. ನಲವತ್ತೈದು ವರ್ಷ ಕೇಳಿದರೂ ನನಗೆ ಇನ್ನೂ ಮೈ ಜುಂ ಅನ್ನುತ್ತದೆ.

ಅರಮನೆ ಬೇಡ, ನೂಕುನುಗ್ಗಲು ಆಗಲ್ಲ ಅನ್ನುವವರು ಅದೇ ಹತ್ತು ದಿನ ಜಗನ್ಮೋಹನ ಅರಮನೆಗೋ ಪುರಭವನಕ್ಕೋ ಚಿಕ್ಕ ಗಡಿಯಾರದ ಹತ್ತಿರಕ್ಕೋ ಹೋಗಿ. ಅಲ್ಲೂ ಕಾರ್ಯಕ್ರಮ ಇರುತ್ತದೆ, ಜನ ಕಡಿಮೆ. ಕವಿಗೋಷ್ಠಿಗಳಲ್ಲಿ ಯುವಕರಿಗೇ ಅಂತ ಒಂದು ದಿನ ಇರುತ್ತದೆ. ಪದ್ಯ ಬರೆಯುವವರು ಹೋಗಿ ಕೇಳಿ. ನಜರ್‌ಬಾದ್‌ನ ಪ್ರತಿಮಾ ಗ್ಯಾಲರಿಯಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಬೊಂಬೆ ಮನೆ ಮಾಡುತ್ತಾರೆ. ಮನೆಯಲ್ಲಿ ಪಟ್ಟದ ಬೊಂಬೆ ಕೂರಿಸುವ ಪದ್ಧತಿ ಇಲ್ಲದವರು ಅದನ್ನು ನೋಡಿ. ಒಂದೊಂದು ಊರಿನ ಬೊಂಬೆಗೆ ಒಂದೊಂದು ಮುಖ ಇರುತ್ತದೆ.

ದಸರಾ ಮುಗಿದ ಮೇಲೆ ನಾಟಕದ ಕಾಲ. ಹೆಗ್ಗೋಡಿನ ನೀನಾಸಂ ತಿರುಗಾಟ ತಂಡ 1985ರಿಂದ ಪ್ರತಿ ವರ್ಷ ಊರೂರು ಸುತ್ತುತ್ತಿದೆ. ಅದು ಈ ಕಡೆ ಬಂದಾಗ ತಪ್ಪಿಸಬೇಡ. ಪುಷ್ಯ ಮಾಸದಲ್ಲಿ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆ. ಅಲ್ಲಿ ಕುಸ್ತಿ, ದೇಸಿ ಆಟ, ಭಜನೆ, ನಾಟಕ ಎಲ್ಲ ಇರುತ್ತವೆ.

ಬಹುರೂಪಿಯ ತಾರೀಕು ಮಾತ್ರ ಪಂಚಾಂಗದಲ್ಲಿ ಸಿಗುವುದಿಲ್ಲ. ರಂಗಾಯಣದ ರಾಷ್ಟ್ರೀಯ ನಾಟಕೋತ್ಸವ ಅದು. ಒಮ್ಮೆ ಡಿಸೆಂಬರ್, ಒಮ್ಮೆ ಜನವರಿ. 2024ರಲ್ಲಿ ಮಾರ್ಚ್‌ಗೆ ಹೋಯಿತು. ಹಾಗಾಗಿ ನವೆಂಬರ್‌ನಿಂದಲೇ ಕಿವಿ ತೆರೆದಿಟ್ಟುಕೊಂಡಿರು. ಆ ದಿನಗಳಲ್ಲಿ ಭೂಮಿಗೀತ, ವನರಂಗ, ಕಿರುರಂಗಮಂದಿರ, ಕಲಾಮಂದಿರ, ಎಲ್ಲ ಕಡೆ ಏನಾದರೊಂದು ನಡೆಯುತ್ತಿರುತ್ತದೆ. ಜನಪದ ಕುಣಿತ ಇರುತ್ತದೆ, ಸಿನಿಮಾ ಇರುತ್ತದೆ, ಪುಸ್ತಕದಂಗಡಿ ಇರುತ್ತದೆ, ಬಿಸಿ ಬಿಸಿ ತಿಂಡಿಯೂ ಸಿಗುತ್ತದೆ. ನಾನು ಹೇಳುವುದು ಒಂದೇ. ನಿನಗೆ ಒಂದಕ್ಷರ ಬಾರದ ಭಾಷೆಯ ನಾಟಕ ಒಂದನ್ನು ನೋಡು. ಕನ್ನಡ ನಾಟಕದಲ್ಲಿ ನಾವು ಮಾತಿಗೆ ಕಿವಿ ಕೊಟ್ಟು ಕೂತುಬಿಡುತ್ತೇವೆ. ಮಾತು ತಿಳಿಯದಿದ್ದಾಗ ನಟ ಹೇಗೆ ನಿಲ್ಲುತ್ತಾನೆ, ಬೆಳಕು ಎಲ್ಲಿಂದ ಬರುತ್ತದೆ, ಯಾಕೆ ಸುಮ್ಮನಾದರು ಅಂತೆಲ್ಲ ಕಾಣಿಸತೊಡಗುತ್ತದೆ.

ಉಳಿದ ದಿನಗಳಿಗೆ, ದಿನಪತ್ರಿಕೆಯ ಮೈಸೂರು ಪುಟ ತೆಗೆದು "ನಗರದಲ್ಲಿ ಇಂದು" ಅನ್ನುವ ಸಣ್ಣ ಅಕ್ಷರದ ಪಟ್ಟಿ ನೋಡು. ಇಲ್ಲಿಯದೇ ಪತ್ರಿಕೆಗಳಾದ "ಆಂದೋಲನ", "ಮೈಸೂರು ಮಿತ್ರ" ಯಾವುದಾದರೊಂದು ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇದ್ದೇ ಇರುತ್ತದೆ. ಎರಡು ನಿಮಿಷದ ಕೆಲಸ. ಫೋನಿಗೆ ಬಾರದ ಎಷ್ಟೋ ಕಾರ್ಯಕ್ರಮ ಆ ಪಟ್ಟಿಯಲ್ಲಿರುತ್ತವೆ.

ಪ್ರಶ್ನೆ: ಮೇಡಂ, ನಮ್ಮ ಹಾಸ್ಟೆಲ್ ಗೇಟು ಸಂಜೆ ಏಳಕ್ಕೆ ಹಾಕುತ್ತಾರೆ. ನಾಟಕ ಶುರುವಾಗುವುದೇ ಆರೂವರೆಗೆ. ಹುಡುಗರಿಗೆ ಈ ಕಷ್ಟ ಇಲ್ಲ. ನಾವು ಏನು ಮಾಡೋಣ? (ಬಿ.ಎಸ್ಸಿ. ಓದುವ ಐದು ಗೆಳತಿಯರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕಲೆ ಅಂದರೆ ಸಂಜೆಯ ಕೆಲಸ, ಸಂಜೆ ಅಂದರೆ ಹುಡುಗಿಯರು ಒಳಗೆ. ಹೀಗೆ ಎಷ್ಟು ತಲೆಮಾರು ಹೋಯಿತೋ.

ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಹೆಣ್ಣು ಮಕ್ಕಳನ್ನು ನಾಟಕಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಕೇಳಿದೆ. "ಏನಾದರೂ ಆದರೆ ಯಾರು ಹೊಣೆ?" ಅಂದರು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅಂತ ಬರೆದು ಕೊಟ್ಟೆ. ನಾಟಕದ ಹೆಸರು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಹೋಗುವ ಮಕ್ಕಳ ಪಟ್ಟಿ, ಮನೆಯವರ ಸಹಿ, ಜೊತೆಗೆ ಬರುವ ಇಬ್ಬರು ಟೀಚರ್‌ಗಳ ಹೆಸರು, ವಾಪಸ್ ಬರುವ ವಾಹನ. ಮೊದಲ ಸಲ ಪತ್ರ ಹಾಗೇ ವಾಪಸ್ ಬಂತು. ಎರಡನೇ ಸಲವೂ ಬಂತು. ಮೂರನೇ ಸಲ ಸಹಿ ಹಾಕಿದರು. ಇಪ್ಪತ್ತೆರಡು ಮಕ್ಕಳು ಬಂದರು. ರಾತ್ರಿ ಒಂಬತ್ತರೊಳಗೆ ಎಲ್ಲರೂ ಹಾಸ್ಟೆಲ್‌ನಲ್ಲಿದ್ದರು. ಆಮೇಲೆ ಪ್ರತಿ ತಿಂಗಳು ಅಂಥ ಪತ್ರ ಕೊಟ್ಟರೂ ತಕರಾರು ಬರಲಿಲ್ಲ. ನೀವೂ ಹಾಗೇ ಮಾಡಿ. ಒಬ್ಬರೇ ಹೋಗಿ ವಾರ್ಡನ್ ಹತ್ತಿರ ಗೋಗರೆಯಬೇಡಿ. ಐದು ಜನ ಸೇರಿ, ನಿಮ್ಮನ್ನು ಇಷ್ಟಪಡುವ ಒಬ್ಬ ಮೇಡಂ ಅವರನ್ನು ಜೊತೆಗಿಟ್ಟುಕೊಂಡು, ಬರೆದು ಕೊಡಿ. ವಾರ್ಡನ್‌ಗೂ ಮೇಲಿನವರಿಗೆ ತೋರಿಸಲು ಒಂದು ಕಾಗದ ಬೇಕಾಗಿರುತ್ತದೆ.

ಅಲ್ಲಿಯವರೆಗೆ ಹಗಲು ಇದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ. 1915ರಿಂದ ಇರುವುದು. ರವಿವರ್ಮನ ಚಿತ್ರಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ನೀವೂ ನಿಲ್ಲಿ. ಆಮೇಲೆ ದೀಪ ಹಿಡಿದ ಹೆಂಗಸಿನ ಚಿತ್ರದ ಹತ್ತಿರ ಜಾಸ್ತಿ ಹೊತ್ತು ಇರಿ. ಎಸ್.ಎಲ್. ಹಲ್ದನ್‌ಕರ್ ಬರೆದದ್ದು. ದೀಪದ ಬೆಳಕು ಬೆರಳ ಸಂದಿಯಿಂದ ಕೆಂಪಗೆ ಸೋರುತ್ತದೆ. ಬಹಳ ಜನ ಅದು ತೈಲವರ್ಣ ಅಂದುಕೊಳ್ಳುತ್ತಾರೆ. ಅಲ್ಲ, ಜಲವರ್ಣ. ನೀರಿನ ಬಣ್ಣದಲ್ಲಿ ತಪ್ಪಾದರೆ ಮೇಲೆ ಬಳಿದು ಮುಚ್ಚುವುದು ಕಷ್ಟ. ಬೆಳಕಿರುವ ಕಡೆ ಕಾಗದವನ್ನು ಹಾಗೇ ಉಳಿಸಿಕೊಂಡು, ಸುತ್ತ ಕತ್ತಲು ತುಂಬುತ್ತಾ ಬರಬೇಕು. ಅಲ್ಲಿ ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅಪ್ಪನಿಗಾಗಿ ಎಷ್ಟು ಹೊತ್ತು ಕೈ ನೋಯಿಸಿಕೊಂಡು ನಿಂತಿದ್ದಳೋ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳನ್ನೂ ಹಗಲಲ್ಲೇ ನೋಡಬೇಕು. ದಸರಾ ಮೆರವಣಿಗೆ 26 ಚಿತ್ರಗಳಲ್ಲಿ ಸುತ್ತಲೂ ಸಾಗುತ್ತದೆ. ಎಲ್ಲರೂ ಮೇಲಿನ ಬಣ್ಣದ ಗಾಜು ನೋಡುತ್ತಾ ಹೋಗಿಬಿಡುತ್ತಾರೆ. ನೀವು ಗೋಡೆ ಪಕ್ಕ ನಡೆಯಿರಿ. ಕುದುರೆಯವರು, ಬ್ಯಾಂಡಿನವರು, ಉಪ್ಪರಿಗೆಯಲ್ಲಿ ನಿಂತು ನೋಡುವ ಜನ, ಒಬ್ಬೊಬ್ಬರದೂ ಬೇರೆ ಮುಖ. ಇನ್ನು ವೆಲ್ಲಿಂಗ್ಟನ್ ಹೌಸ್‌ನಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಕೇಂದ್ರ ಇದೆ. ಅಲ್ಲಿ ಪ್ರದರ್ಶನದ ಜೊತೆಗೆ, ಜನಪದ ಕಲಾವಿದರಿಂದಲೇ ಕೈಯಾರೆ ಮಾಡಿ ಕಲಿಯುವ ಶಿಬಿರಗಳನ್ನು ಆಗಾಗ ನಡೆಸುತ್ತಾರೆ. ಅದು ಆಫೀಸಿನ ಹೊತ್ತಿನಲ್ಲೇ ಮುಗಿಯುತ್ತದೆ. ಏಳು ಗಂಟೆಯ ಗೇಟು ಅದಕ್ಕೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ಶಾಸ್ತ್ರೀಯ ಸಂಗೀತ ನನಗೆ ಒಂದು ಚೂರೂ ಅರ್ಥವಾಗುವುದಿಲ್ಲ. ಗೆಳೆಯ ಕರೆದುಕೊಂಡು ಹೋಗುತ್ತಾನೆ. ಎಲ್ಲರೂ ತೊಡೆ ತಟ್ಟುತ್ತಿರುತ್ತಾರೆ, ನಾನು ಫ್ಯಾನ್ ನೋಡುತ್ತಿರುತ್ತೇನೆ. ಹೋಗುವುದು ಬಿಟ್ಟುಬಿಡಲಾ?

ಉತ್ತರ: ಬಿಡಬೇಡ. ಅವರು ತೊಡೆ ಯಾಕೆ ತಟ್ಟುತ್ತಾರೆ ಅನ್ನುವುದರಿಂದಲೇ ಶುರು ಮಾಡೋಣ. ಬಹಳಷ್ಟು ಹಾಡು ಇರುವುದು ಆದಿತಾಳದಲ್ಲಿ. ಎಂಟು ಎಣಿಕೆ. ಒಂದು ತಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ನಾಲ್ಕಾಯಿತು. ಮತ್ತೆ ಒಂದು ತಟ್ಟಿ ಅಂಗೈ ಮೇಲೆ ಮಾಡು. ಇನ್ನೊಮ್ಮೆ ತಟ್ಟಿ ಅಂಗೈ ಮೇಲೆ ಮಾಡು. ಎಂಟಾಯಿತು. ಬಸ್ಸಿನಲ್ಲಿ ಕೂತು ಒಂದು ವಾರ ಮಾಡು. ಕಚೇರಿಯಲ್ಲಿ ಮುಂದೆ ಕೂತವರ ಕೈ ನೋಡಿ ಅವರ ಜೊತೆ ಸೇರಿಕೋ. ಮೃದಂಗದವರು ತನಿ, ಅಂದರೆ ಹಾಡಿಲ್ಲದೆ ತಾವೇ, ನುಡಿಸುವಾಗ ಎಲ್ಲೆಲ್ಲಿಗೋ ಹೋಗಿ, ಸುತ್ತಿ, ಕೊನೆಗೆ ಸರಿಯಾಗಿ ಬರಬೇಕಾದ ಜಾಗಕ್ಕೇ ಬಂದು ಸೇರುತ್ತಾರೆ. ನಿನ್ನ ಕೈಯೂ ಅದೇ ಜಾಗಕ್ಕೆ ಬಂದಿದ್ದರೆ, ಆವತ್ತು ನೀನು ಫ್ಯಾನ್ ನೋಡಿರುವುದಿಲ್ಲ.

ರಾಗ ಆಮೇಲೆ ಬರುತ್ತದೆ. ಒಂದೇ ರಾಗ ಹಿಡಿದುಕೋ. ಮೋಹನ ಹಿಡಿದುಕೋ, ಐದೇ ಸ್ವರ. ಎಲ್ಲಿ ಕೇಳಿದರೂ ಗುರುತಿಸುವಷ್ಟು ಕೇಳು. ಹತ್ತು ರಾಗದ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಒಂದನ್ನು ಮನೆಯವರ ದನಿ ಹಾಗೆ ಗುರುತು ಹಿಡಿಯುವುದು ದೊಡ್ಡದು.

ನೀನಿರುವುದು ಎಂಥ ಊರು ಅಂತಲೂ ನೆನಪಿರಲಿ. ವೀಣೆ ಶೇಷಣ್ಣನವರು ನುಡಿಸಿದ ಊರು ಇದು. ಮೈಸೂರು ವಾಸುದೇವಾಚಾರ್ಯರು ಕೃತಿ ರಚಿಸಿದ ಊರು. ಜಯಚಾಮರಾಜ ಒಡೆಯರು ತಾವೇ 94 ಕೃತಿ ರಚಿಸಿದರು. ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನ ಇದೆ, ಜೆಎಲ್‌ಬಿ ರಸ್ತೆಯಲ್ಲಿ ನಾದಬ್ರಹ್ಮ ಸಂಗೀತ ಸಭಾ ಇದೆ. ದೊಡ್ಡ ಕಚೇರಿಗಿಂತ ಇಂಥ ಸಣ್ಣ ಸಭಾಂಗಣದಲ್ಲಿ ಕಲಿಯುವುದು ಜಾಸ್ತಿ. ಪಕ್ಕದ ಅಜ್ಜನನ್ನು "ಇದು ಯಾವ ರಾಗ ತಾತ?" ಅಂತ ಕೇಳು. ಹಾಡು ಮುಗಿದ ಮೇಲೆ ಕೇಳು, ನಡುವೆ ಬೇಡ. ಅವರಿಗೆ ಎಷ್ಟು ಖುಷಿಯಾಗುತ್ತದೆ ನೋಡು.

ಪ್ರಶ್ನೆ: ಮಗ ಯುವ ಸಂಭ್ರಮದ ತಂಡಕ್ಕೆ ಸೇರಿದ್ದಾನೆ. ತಾಲೀಮು ಅಂತ ರಾತ್ರಿ ಹತ್ತಕ್ಕೆ ಮನೆಗೆ ಬರುತ್ತಾನೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಬಿಡಿಸಲಾ? (ತಾಯಿ, ಬೋಗಾದಿ)

ಉತ್ತರ: ಬಿಡಿಸಬೇಡಿ ಅಮ್ಮ. ಆದರೆ ನಾಳೆಯೇ ಕಾಲೇಜಿಗೆ ಹೋಗಿ ಎರಡು ವಿಷಯ ಕೇಳಿ. ತಾಲೀಮಿನ ದಿನಗಳಿಗೆ ಹಾಜರಾತಿ ಕೊಡುತ್ತಾರಾ? ಕೊಡುವುದಾದರೆ ಬರವಣಿಗೆಯಲ್ಲಿ ಕೊಡುತ್ತಾರಾ? "ನೋಡ್ಕೋತೀವಿ" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಪರೀಕ್ಷೆ ಹತ್ತಿರ ಅತ್ತ ಮಕ್ಕಳನ್ನು ನಾನು ನೋಡಿದ್ದೇನೆ. ಉಳಿದದ್ದು ಮಗನ ಜೊತೆ ಮಾತಾಡಿ. ಮತ್ತೆ ಆ ದಿನ ನೀವೂ ಹೋಗಿ, ಮೆಟ್ಟಿಲ ಮೇಲೆ ಕೂತು ನೋಡಿ. ಅವನು ಹೇಳದಿದ್ದರೂ ನಿಮ್ಮನ್ನು ಹುಡುಕುತ್ತಿರುತ್ತಾನೆ.

ಪ್ರಶ್ನೆ: ನನಗೆ ನಾಟಕವೇ ಜೀವನ ಆಗಬೇಕು ಅಂತ ಅನ್ನಿಸಿದೆ. ಡಿಗ್ರಿ ಬಿಟ್ಟು ರಂಗಾಯಣ ಅಥವಾ ನೀನಾಸಂ ಸೇರಲಾ? (ಬಿ.ಕಾಂ. ಎರಡನೇ ವರ್ಷ)

ಉತ್ತರ: ಡಿಗ್ರಿ ಮುಗಿಸು. ಇದನ್ನು ನಿನ್ನ ಆಸೆಗೆ ತಣ್ಣೀರು ಎರಚಲು ಹೇಳುತ್ತಿಲ್ಲ.

ರಂಗಾಯಣ ಕಟ್ಟಿದ ಬಿ.ವಿ. ಕಾರಂತರ ಬದುಕನ್ನೇ ನೋಡು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು ಅವರು. ನಾಟಕವೇ ಜೀವ. ಆದರೆ ಅವರನ್ನು ಓದಲು ಕಾಶಿಗೆ ಕಳಿಸಿದ್ದೂ ಗುಬ್ಬಿ ವೀರಣ್ಣನವರೇ. ಕಾಶಿಯಲ್ಲಿ ಹಿಂದಿ ಎಂ.ಎ. ಮಾಡಿದರು. ಅಲ್ಲೇ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಮುಂದೆ ಅದೇ ಶಾಲೆಯ ನಿರ್ದೇಶಕರಾದರು. ಅವರ ನಾಟಕದ ಸಂಗೀತ ಕೇಳಿದಾಗ ಆ ಓದು, ಆ ಅಲೆದಾಟ ಎಲ್ಲ ಅದರಲ್ಲಿ ಕೇಳಿಸುತ್ತಿತ್ತು.

ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ರಂಗಾಯಣದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಅವೆರಡೂ ಎಲ್ಲಿಗೂ ಓಡಿ ಹೋಗುವುದಿಲ್ಲ. ಉಳಿದಿರುವ ನಿನ್ನ ಒಂದೂವರೆ ವರ್ಷದಲ್ಲಿ ಇಲ್ಲಿನ ಯಾವುದಾದರೂ ಹವ್ಯಾಸಿ ತಂಡ ಸೇರಿಕೋ. ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರ "ನಟನ" ಅನ್ನುವ ತಂಡ ಇದೆ, ಅಲ್ಲಿ ವಾರದ ಕೊನೆಯಲ್ಲಿ ನಾಟಕ ನಡೆಯುತ್ತಿರುತ್ತದೆ, ನೋಡಲು ಹೋಗು. ಮೊದಲ ದಿನವೇ ಪಾತ್ರ ಕೇಳಬೇಡ. ಪರದೆ ಎಳೆಯುವ ಕೆಲಸ ಕೇಳು. ಸೆಟ್ ಹೊರುವ ಕೆಲಸ ಕೇಳು. ಮೂರನೇ ಬೆಲ್ ಆದ ಮೇಲೆ ರಂಗದ ಪಕ್ಕದ ಕತ್ತಲಲ್ಲಿ ನಿಂತು ಬೇರೆಯವರು ಅಭಿನಯಿಸುವುದನ್ನು ಹತ್ತು ಪ್ರದರ್ಶನ ನೋಡು. ಹನ್ನೊಂದನೇ ದಿನವೂ ಅದೇ ಜಾಗದಲ್ಲಿ ನಿಲ್ಲಬೇಕು ಅನ್ನಿಸಿದರೆ ನನಗೆ ಮತ್ತೆ ಪತ್ರ ಬರಿ. ಆಗ ಅರ್ಜಿ ತುಂಬುವ ವಿಷಯ ಮಾತಾಡೋಣ.

ಪ್ರಶ್ನೆ: ಈಗಿನ ವಿದ್ಯಾರ್ಥಿಗಳು ಸಭಾಂಗಣಕ್ಕೆ ಬರುವುದೇ ರೀಲ್ಸ್ ಮಾಡಲು. ಬೆಳಕು ಕಣ್ಣಿಗೆ ಹೊಡೆಯುತ್ತದೆ. ಇವರನ್ನು ಯಾಕೆ ಕರೆಯುತ್ತೀರಿ? (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಸರ್, ಫೋನಿನ ಬೆಳಕು ನನಗೂ ಕಷ್ಟ. ನಟರಿಗೆ ಇನ್ನೂ ಕಷ್ಟ, ಕತ್ತಲಲ್ಲಿ ಆ ಒಂದು ಚುಕ್ಕೆ ಅವರ ಕಣ್ಣಿಗೇ ಬೀಳುತ್ತದೆ. ಮಕ್ಕಳೇ, ಇದು ನಿಮಗೂ ಹೇಳಿದ್ದು. ಫೋಟೊ ಬೇಕಾದರೆ ನಾಟಕ ಮುಗಿದು ಕಲಾವಿದರು ಸಾಲಾಗಿ ನಿಂತಾಗ ತೆಗೆಯಿರಿ.

ಆದರೆ ಸರ್, ಕರೆಯುವುದನ್ನು ನಾನು ನಿಲ್ಲಿಸುವುದಿಲ್ಲ. ಭುಜ ಮುಟ್ಟಿ ಮೆಲ್ಲಗೆ "ಫೋನ್ ಒಳಗಿಡಪ್ಪ, ಆಮೇಲೆ ಮಾತಾಡೋಣ" ಅಂದರೆ ಒಳಗಿಡುತ್ತಾರೆ. ನಾನು ಎಷ್ಟೋ ಸಲ ಮಾಡಿದ್ದೇನೆ. ಆಮೇಲೆ ನಿಜವಾಗಿಯೂ ಮಾತಾಡಬೇಕು, ಅಷ್ಟೇ. ನೀವು ನೋಡಿದ ಹಳೆಯ ನಾಟಕಗಳ ಕಥೆ ಅವರಿಗೆ ಹೇಳಿ. ಕೇಳುವವರು ಸಿಕ್ಕಿಲ್ಲ ಅಂತ ನಿಮಗೂ ಅನ್ನಿಸಿರುತ್ತದೆ, ಅಲ್ವಾ?

ಪ್ರಶ್ನೆ: ಮೇಡಂ, ನನ್ನ ರೂಮಿನವರಿಗೆ ಯಾರಿಗೂ ಇದರಲ್ಲಿ ಆಸಕ್ತಿ ಇಲ್ಲ. ಒಬ್ಬಳೇ ಹೋಗಿ ಕೂರಲು ಸಂಕೋಚ. ಎಲ್ಲರೂ ನೋಡುತ್ತಾರೆ ಅನ್ನಿಸುತ್ತದೆ. (ಎಂ.ಎ. ಮೊದಲ ವರ್ಷ, ಚಾಮರಾಜನಗರದವಳು)

ಉತ್ತರ: ದೀಪ ಆರಿದ ಮೇಲೆ ಯಾರೂ ಯಾರನ್ನೂ ನೋಡುವುದಿಲ್ಲ ಮಗಳೇ. ಕಷ್ಟ ಇರುವುದು ಅದಕ್ಕೂ ಮುಂಚಿನ ಹದಿನೈದು ನಿಮಿಷ. ಆ ಹೊತ್ತಿಗೆ ಒಂದು ಉಪಾಯ ಹೇಳುತ್ತೇನೆ. ಬೇಗ ಹೋಗು. ರಂಗಾಯಣದ ಆವರಣದ ಮರಗಳ ಕೆಳಗೆ ಒಂದು ಟೀ ಕುಡಿ. ಬೋರ್ಡಿನ ಮೇಲೆ ಮುಂದಿನ ವಾರ ಯಾವ ನಾಟಕ ಅಂತ ಓದು. ಒಳಗೆ ಹೋಗಿ ನಡುವಿನ ದಾರಿಯ ಪಕ್ಕದ ಕುರ್ಚಿ ಹಿಡಿ. ಹಿಡಿಸದಿದ್ದರೆ ಎದ್ದು ಬರಲು ಸುಲಭ. ಎರಡು ಸಲ ಹೋದರೆ ಮೂರನೇ ಸಲ ಗುರುತಿನ ಮುಖ ಒಂದಾದರೂ ಇರುತ್ತದೆ.

ಭಾನುವಾರದ ನಾಟಕಕ್ಕೆ ನಾನು ಸಾಮಾನ್ಯವಾಗಿ ಆರು ಗಂಟೆಗೇ ಭೂಮಿಗೀತದ ಮುಂದೆ ಇರುತ್ತೇನೆ. ಬಿಳಿ ಕೂದಲು, ಹೆಗಲಲ್ಲಿ ಖಾದಿ ಚೀಲ, ಕೈಯಲ್ಲಿ ಛತ್ರಿ. ಈ ತಿಂಗಳ ಮಳೆಗೆ ಛತ್ರಿ ಬಿಟ್ಟು ಬರುವ ಹಾಗಿಲ್ಲ. ಹತ್ತಿರ ಬಂದು "ಪತ್ರ ಬರೆದವಳು ನಾನೇ" ಅನ್ನು. ಪಕ್ಕದ ಕುರ್ಚಿಗೆ ಚೀಲ ಇಟ್ಟು ಜಾಗ ಹಿಡಿದಿರುತ್ತೇನೆ.